ನಡುಮೊಳೆಯ ರಾಟೆ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಡದಿ, ಮಗನೊಡನೆ ಮನೆಗೆ ಬಂದಿದ್ದ. ಹದಿನೈದು ವರ್ಷಗಳಿಂದ ಇಂಗ್ಲೆಂಡಿನಲ್ಲಿ ನೆಲೆಸಿರುವವನು. ಕಾಫಿ ಕುಡಿಯುತ್ತ ಕುಳಿತಿದ್ದವನು ಗೋಡೆಯ ಬೀರುವಿನತ್ತ ನೋಡಿ ಥಟ್ಟನೆ ಎದ್ದುಹೋದ. ಗಾಜಿನ ಹಿಂದೆ, ನನ್ನ ಬಿ.ಎಡ್. ದಿನಗಳ ಪುಸ್ತಕಗಳ ಪಕ್ಕದಲ್ಲಿ, ಮರದ ಒಂದು ಪುಟ್ಟ ಚಕ್ರವಿದೆ. ‘ಸಾರ್, ಇದು ನೀವು ಕ್ಲಾಸಿಗೆ ತಂದು ತೋರಿಸುತ್ತಿದ್ದ ರಾಟೆಯಲ್ಲವೆ? ಅಲ್ಲಿ ಇಂಥವನ್ನು ಹುಡುಕಿ ಹುಡುಕಿ ಕೊಳ್ಳುವವರಿದ್ದಾರೆ. ಕೊಡುವುದಾದರೆ ಹೇಳಿ, ಒಳ್ಳೆಯ ಬೆಲೆ ಬರುವ ಹಾಗೆ ಮಾಡುತ್ತೇನೆ’ ಎಂದ.

ಮಾರುವುದಿಲ್ಲ ಎಂದೆ. ‘ನೀವೀಗ ಗಾಳ ಹಾಕುತ್ತೀರಾ ಸಾರ್?’ ಎಂದು ಕೇಳಿದ. ಇಲ್ಲ ಎಂದೆ. ‘ಹಾಗಾದರೆ ಯಾಕೆ ಸಾರ್ ಇಟ್ಟುಕೊಂಡಿದ್ದೀರಿ?’ ಎಂದ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಯಾವ ಪ್ರಶ್ನೆಗೂ ಉತ್ತರವಿಲ್ಲದೆ ನಿಂತವನಲ್ಲ ನಾನು. ಆ ದಿನ ಮಾತ್ರ ಹೋಳಿಗೆ ಬಡಿಸುವ ನೆಪದಲ್ಲಿ ತಪ್ಪಿಸಿಕೊಂಡೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಮತ್ಸ್ಯಾಹಾರವಿಲ್ಲದ ಮನೆಗಳ ಓದುಗರು ಮನ್ನಿಸಬೇಕು. ಇದರಲ್ಲಿ ಮೀನಿಗಿಂತ ಚಕ್ರದ ಮಾತೇ ಹೆಚ್ಚು.

ನಾಲ್ಕು ಅಂಗುಲ ಅಡ್ಡಳತೆಯ, ವಾಲ್‌ನಟ್ ಮರದಲ್ಲಿ ಕಡೆದ, ಎರಡು ಭಾಗಗಳ ರಾಟೆ ಅದು. ಹಿಂಬದಿಯ ಹಲಗೆ ಸೀಳಿಹೋಗದಂತೆ ನಕ್ಷತ್ರದ ಆಕಾರದ ಹಿತ್ತಾಳೆ ಪಟ್ಟಿ. ಮುಂದಿನ ಉರುಳೆಯ ಮೇಲೆ ಕೊಂಬಿನ ಎರಡು ಪುಟ್ಟ ಹಿಡಿಗಳು. ನಟ್ಟನಡುವೆ ಉಕ್ಕಿನ ಒಂದು ಮೊಳೆ. ಉರುಳೆ ಆ ಮೊಳೆಯ ಮೇಲೆ ಕುಳಿತು ತಿರುಗುತ್ತದೆ, ಯಂತ್ರವೆಂಬುದು ಇಷ್ಟೆ. ಕಟಕಟ ಸದ್ದು ಮಾಡುವ ಲೋಹದ ನಾಲಿಗೆಯೊಂದು ಒಳಗಿದೆ, ಗುಂಡಿ ಸರಿಸಿದರೆ ಅದೂ ಸುಮ್ಮನಾಗುತ್ತದೆ. ತಯಾರಿಸಿದವರ ಹೆಸರು ಎಲ್ಲಿಯೂ ಇಲ್ಲ. ಇಂಗ್ಲಿಷಿನಲ್ಲಿ ಇಂಥದಕ್ಕೆ ಸೆಂಟರ್‌ಪಿನ್ ರೀಲ್ ಎನ್ನುತ್ತಾರೆ. ಮರದ ಈ ಹಳೆಯ ಮಾದರಿಗೆ ನಾಟಿಂಗ್‌ಹ್ಯಾಮ್ ರೀಲ್ ಎಂದೂ ಹೆಸರಿದೆ. ನಾನು ನಡುಮೊಳೆಯ ರಾಟೆ ಎಂದು ಕರೆದುಕೊಂಡಿದ್ದೇನೆ. ಅಪ್ಪಯ್ಯನ ಬಾಯಲ್ಲಿ ಅದು ಬರಿಯ ‘ರಾಟೆ’.

ನಾಟಿಂಗ್‌ಹ್ಯಾಮ್ ಎಂಬ ಹೆಸರನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ 1811ರ ಲಡ್ಡೈಟ್ ದಂಗೆ ಬರುತ್ತದಷ್ಟೆ? ಕಾಲುಚೀಲ ಹೆಣೆಯುವ ಚೌಕಟ್ಟುಗಳನ್ನು ಕೆಲಸಗಾರರು ರಾತ್ರೋರಾತ್ರಿ ಒಡೆದು ಹಾಕಿದ್ದು ಆ ಊರಿನ ಸುತ್ತಮುತ್ತಲೇ. ಅದೇ ಊರು ಮುಂದೆ ಯಂತ್ರದಲ್ಲಿ ನೇಯ್ದ ಲೇಸಿಗೆ ಜಗತ್ಪ್ರಸಿದ್ಧವಾಯಿತು. ಅದರ ಮಗ್ಗುಲಲ್ಲಿ ಟ್ರೆಂಟ್ ನದಿ ಹರಿಯುತ್ತದೆ. ಲೇಸಿನ ಯಂತ್ರಗಳಿಗೂ ನೂಲಿಗೂ ಉರುಳೆ ಬೇಕು. ಉರುಳೆ ಕಡೆಯುವ ಕೈಗಳೇ ಭಾನುವಾರ ನದಿಯ ದಡದಲ್ಲಿ ಗಾಳ ಹಿಡಿದು ಕುಳಿತಾಗ ಇಂಥದೊಂದು ರಾಟೆ ಹುಟ್ಟಿದ್ದು ಸಹಜವೆಂದೇ ನನ್ನ ಊಹೆ. ಹತ್ತೊಂಬತ್ತನೆಯ ಶತಮಾನದಲ್ಲಿ ಟ್ರೆಂಟ್ ದಡದ ಗಾಳಗಾರರು ಇದನ್ನು ಬಳಸುತ್ತಿದ್ದ ರೀತಿಯೇ ಬೇರೆ. ಶ್ರೀಮಂತರು ಸಾಲ್ಮನ್ ಮೀನಿಗೆ ರೆಕ್ಕೆಪುಕ್ಕಗಳ ನೊಣ ಕಟ್ಟಿ ಬೀಸುತ್ತಿದ್ದರೆ, ಇವರು ಒಂದು ತೇಲುಗಡ್ಡಿ ಕಟ್ಟಿ ನೀರಿಗೆ ಬಿಟ್ಟು, ಹೊಳೆಯೇ ಅದನ್ನು ಎಳೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದರು. ಹರಿವಿನ ವೇಗಕ್ಕೆ ಸರಿಯಾಗಿ ದಾರ ಬಿಚ್ಚಿಕೊಳ್ಳಬೇಕು. ರಾಟೆ ಸ್ವಲ್ಪ ತಡೆದರೂ ತೇಲುಗಡ್ಡಿ ವಾಲುತ್ತದೆ, ಎರೆ ಮೇಲೇಳುತ್ತದೆ, ಮೀನು ಅನುಮಾನಪಡುತ್ತದೆ. ಆದ್ದರಿಂದ ನೀರಿನ ಸೆಳೆತವೊಂದೇ ಸಾಕು ಎನ್ನುವಷ್ಟು ಹಗುರಾಗಿ ರಾಟೆ ತಿರುಗಬೇಕು. ಆ ಗುಣವನ್ನು ಬೆನ್ನಟ್ಟಿಯೇ ಅದರ ಮುಂದಿನ ಚರಿತ್ರೆಯೆಲ್ಲ ನಡೆಯಿತು.

1890ರ ದಶಕದಲ್ಲಿ ಹೆನ್ರಿ ಕಾಕ್ಸನ್ ಎಂಬ ನಾಟಿಂಗ್‌ಹ್ಯಾಮಿನ ಗಾಳಗಾರನ ಕಲ್ಪನೆಯಂತೆ ಸೈಕಲ್ ಗಾಲಿಯ ಕಡ್ಡಿಗಳ ಹಾಗೆ ಬಿಗಿದ ತೆಳು ಕಡ್ಡಿಗಳ ಉರುಳೆ ಬಂತು. ಸೂಜಿ ಮತ್ತು ಗಾಳಗಳಿಗೆ ಹೆಸರಾದ ರೆಡಿಚ್ ಊರಿನ ಆಲ್ಕಾಕ್ ಕಂಪನಿ ಅದನ್ನು ‘ಏರಿಯಲ್’ ಎಂಬ ಹೆಸರಿನಲ್ಲಿ ಮಾರಿತು. ಇಂದು ಸಂಗ್ರಾಹಕರು ಕಣ್ಣಿಟ್ಟಿರುವುದು ಮುಖ್ಯವಾಗಿ ಅದರ ಮೇಲೆ. ಇತ್ತ ಆನಿಕ್ ಊರಿನ ಹಾರ್ಡಿ ಸಹೋದರರು 1891ರಲ್ಲಿ ‘ಪರ್ಫೆಕ್ಟ್’, 1896ರಲ್ಲಿ ‘ಸೈಲೆಕ್ಸ್’ ಎಂಬ ಲೋಹದ ರಾಟೆಗಳನ್ನು ಹೊರತಂದರು. ಸೈಲೆಕ್ಸ್ ರಾಟೆಗೆ ಬೆರಳಿನಿಂದ ಒತ್ತುವ ತಡೆಯಿತ್ತು. ಆದರೆ ಇವೆಲ್ಲವುಗಳ ಕಾಲ ಮುಗಿಯುವ ಸೂಚನೆ 1905ರಲ್ಲೇ ಬಂದಿತ್ತು. ಬ್ರಾಡ್‌ಫರ್ಡ್ ಎಂಬ ಉಣ್ಣೆಗಿರಣಿಗಳ ಊರಿನ ಇಲ್ಲಿಂಗ್‌ವರ್ತ್ ಎಂಬಾತ, ಗಿರಣಿಯಲ್ಲಿ ನಿಂತ ಕದಿರಿನ ತುದಿಯಿಂದ ನೂಲು ಜಾರಿ ಬರುವುದನ್ನು ಕಂಡು, ಉರುಳೆ ತಿರುಗದೆಯೇ ದಾರ ಬಿಚ್ಚುವ ರೀಲಿಗೆ ಪೇಟೆಂಟ್ ಪಡೆದ. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಸ್ಪಿನ್ನಿಂಗ್ ರೀಲ್ ಎಂದು ಸಿಗುವುದೆಲ್ಲ ಅದರ ಸಂತತಿಯೇ. ಅದರಲ್ಲಿ ಹಲ್ಲುಚಕ್ರಗಳಿವೆ, ಹಿಡಿಯನ್ನು ಒಮ್ಮೆ ತಿರುಗಿಸಿದರೆ ದಾರ ನಾಲ್ಕೈದು ಸುತ್ತು ಸುತ್ತಿಕೊಳ್ಳುತ್ತದೆ. ಹರೆಯದ ಹುಡುಗನೂ ಅರ್ಧ ದಿನದಲ್ಲಿ ದೂರಕ್ಕೆ ಎಸೆಯಲು ಕಲಿಯುತ್ತಾನೆ. ಎರಡನೆಯ ಮಹಾಯುದ್ಧದ ನಂತರ ಅದು ಅಗ್ಗವಾಯಿತು, ಹಳೆಯ ರಾಟೆಗಳು ಅಟ್ಟ ಸೇರಿದವು.

ರಾಟೆ ಹುಟ್ಟಿದ್ದು ಜವಳಿಯ ಊರಿನಲ್ಲಿ, ಅದನ್ನು ಮೂಲೆಗುಂಪಾಗಿಸಿದ್ದೂ ಜವಳಿಯ ಊರೇ. ಪಠ್ಯಪುಸ್ತಕದಲ್ಲಿ ಇಲ್ಲದ ಈ ಮಾತನ್ನು ಹೇಳುವುದಕ್ಕಾಗಿಯೇ ನಾನು ಅದನ್ನು ತರಗತಿಗೆ ಒಯ್ಯುತ್ತಿದ್ದೆ. ಲೆಕ್ಕದ ಮೇಷ್ಟ್ರು ರಜೆ ಹಾಕಿದ ದಿನ ಅದರ ಸುತ್ತಳತೆಯ ಲೆಕ್ಕವನ್ನೂ ಮಾಡಿಸುತ್ತಿದ್ದೆ: ನಾಲ್ಕು ಅಂಗುಲ ವ್ಯಾಸವಾದರೆ ಒಂದು ಸುತ್ತಿಗೆ ಸುಮಾರು ಹನ್ನೆರಡೂವರೆ ಅಂಗುಲ ದಾರ, ದೊಡ್ಡ ಮೀನು ನೂರು ಗಜ ಓಡಿದರೆ ಅದನ್ನು ಮರಳಿ ತರಲು ಎಷ್ಟು ಸುತ್ತು? ಉತ್ತರ ಮುನ್ನೂರರ ಹತ್ತಿರ. ದಾರ ಕಡಿಮೆಯಾದಂತೆ ಉರುಳೆಯ ಸುತ್ತಳತೆಯೂ ಕುಗ್ಗುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಒಂದಕ್ಕೆ ಒಂದೇ, ಕೈ ಎಷ್ಟು ದುಡಿಯಿತೋ ಅಷ್ಟೇ ದಾರ.

ಇನ್ನು ಈ ವಸ್ತು ನಮ್ಮ ಕಾಫಿ ಗುಡ್ಡಗಳಿಗೆ ಬಂದ ಬಗೆ. ಬಾಬಾಬುಡನ್ ಗಿರಿಯ ಏಳು ಬೀಜಗಳ ಕಥೆ ಎಲ್ಲರಿಗೂ ಗೊತ್ತು. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷಿನವನು ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ಮೇಲೆ ದೊರೆಗಳ ಸಾಲೇ ಬಂತು. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬಾತ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’. ಚಿನ್ನಕ್ಕೂ ಕಾಫಿಗೂ ನಡುವೆ ಬೇಟೆಯ ವಿನೋದ ಕುಳಿತಿರುವುದನ್ನು ಗಮನಿಸಬೇಕು. ಅವರ ದಿನಚರಿಯಲ್ಲಿಯೂ ಅದರ ಜಾಗ ಅಲ್ಲಿಯೇ.

ಗಾಳದ ವಿಷಯದಲ್ಲಿ ಮಾತ್ರ ಮೊದಲ ಹೆಸರು ತೋಟದವರದಲ್ಲ, ಘಟ್ಟದ ಕೆಳಗಿನ ಒಬ್ಬ ಅಧಿಕಾರಿಯದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. ಭಾರತದ ಗಾಳಗಾರರೆಲ್ಲ ಮುಂದೆ ಅದನ್ನೇ ಗುರುವೆಂದು ಓದಿದರು. ಥಾಮಸ್ ಬರಿಯ ಶೋಕಿಯವನಾಗಿರಲಿಲ್ಲ ಎಂಬುದು ನನಗೆ ಹಿಡಿಸುವ ಸಂಗತಿ. ಕಿರುಮೀನುಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಹೊಳೆಗೆ ವಿಷ ಹಾಕುವುದು ಇವುಗಳಿಂದ ಮೀನಿನ ಸಂತತಿ ಹಾಳಾಗುತ್ತಿದೆ ಎಂದು ಅವನು ಸರ್ಕಾರಕ್ಕೆ ವರದಿ ಬರೆದಿದ್ದ. ಅವನಂಥವರ ಒತ್ತಾಯದ ಫಲವಾಗಿ ಬಂದ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿನಲ್ಲಿ ಸಿಡಿಮದ್ದು ಸಿಡಿಸುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದು ಸಾರಿತು. ಈ ಕಾಯ್ದೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಕೆಲಸವಿದೆ.

ಅವರೆಲ್ಲ ಬೆನ್ನು ಹತ್ತಿದ್ದ ಮೀನು ಮಹಶೀರ್. ಶೃಂಗೇರಿಯಲ್ಲಿ ಮಠದ ಮೆಟ್ಟಿಲ ಬಳಿ ತುಂಗೆಯಲ್ಲಿ ಪುರಿಗೆ ಮುತ್ತುವ ದೇವರ ಮೀನುಗಳನ್ನು ಕಂಡವರಿಗೆ ಅದರ ಗಾತ್ರ, ಹುರುಪೆಯ ಹೊಳಪು ಗೊತ್ತು. ನಮ್ಮ ಮೂಡಿಗೆರೆ ಸೀಮೆಯ ಸೋಜಿಗವೇನೆಂದರೆ ಇಲ್ಲಿ ಒಂದು ಗುಡ್ಡದ ನೀರು ಹೇಮಾವತಿಯಾಗಿ ಕಾವೇರಿಗೂ, ಇನ್ನೊಂದರ ನೀರು ಭದ್ರೆಯಾಗಿ ಕೃಷ್ಣೆಗೂ, ಮತ್ತೊಂದರದು ನೇತ್ರಾವತಿಯಾಗಿ ಪಡುಗಡಲಿಗೂ ಹೋಗುತ್ತದೆ. ಮೀನುಗಳೂ ಅದರಂತೆ ಬೇರೆ ಬೇರೆ. ಬೃಹತ್ ಗಾತ್ರದ ಗೂನುಬೆನ್ನಿನ ಮಹಶೀರ್ ಕಾವೇರಿಯ ಸಂಸಾರದ್ದು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಮೇಜರ್ ಕಾವೇರಿಯಲ್ಲಿ 119 ಪೌಂಡಿನದನ್ನು, 1946ರಲ್ಲಿ ಮೈಸೂರಿನ ಚರ್ಮಪ್ರಸಾಧಕ ಮನೆತನದ ವ್ಯಾನ್ ಇಂಗೆನ್ ಒಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು, ಅಂದರೆ 54 ಕಿಲೋ ತೂಗುವುದನ್ನು ಹಿಡಿದರು. ಭದ್ರೆಯ ಮಹಶೀರ್ ಅಷ್ಟು ಬೆಳೆಯದು. ಆದರೂ ಹತ್ತು ಹದಿನೈದು ಕಿಲೋ ಮೀನು ಒಮ್ಮೆ ದಾರ ಎಳೆದುಕೊಂಡು ಓಡಿದರೆ ಮರದ ಹಿಡಿಗಳು ಬೆರಳ ಗೆಣ್ಣನ್ನು ಜಜ್ಜುತ್ತವೆ. ಅಪ್ಪಯ್ಯನ ಬಲಗೈಯ ಎರಡು ಗೆಣ್ಣುಗಳಲ್ಲಿ ಆ ಗುರುತಿತ್ತು.

ಅಪ್ಪಯ್ಯ ಹದಿನಾಲ್ಕನೆಯ ವಯಸ್ಸಿಗೆ ಭದ್ರೆಯ ದಂಡೆಯ ಒಂದು ದೊರೆ ತೋಟಕ್ಕೆ ಸೇರಿದವರು. ಮೊದಲು ಬಂಗಲೆಯ ಹೊರಗೆಲಸದ ಹುಡುಗ, ಆಮೇಲೆ ಕಣದಲ್ಲಿ ಲೆಕ್ಕ ಬರೆಯುವವನು, ಕೊನೆಗೆ ರೈಟರ್. ಹುಡುಗನಾಗಿದ್ದಾಗ ದೊರೆಯ ಗಾಳದ ಚೀಲ ಹೊರುವುದು ಅವರ ಕೆಲಸಗಳಲ್ಲಿ ಒಂದು. ಯಾವ ಮಡುವಿನಲ್ಲಿ ಮೀನಿದೆ, ಅತ್ತಿಮರದ ಹಣ್ಣು ಯಾವಾಗ ನೀರಿಗೆ ಬೀಳುತ್ತದೆ, ಹೊಳೆ ಎಷ್ಟು ತಿಳಿಯಾದರೆ ಮೀನು ಎರೆ ಮುಟ್ಟುತ್ತದೆ ಎಂಬುದನ್ನು ತೋರಿಸುತ್ತಿದ್ದವರು ಈ ಹುಡುಗರೂ ಲೈನಿನ ಮುದುಕರೂ. ದೊರೆಗಳು ಬರೆದ ಪುಸ್ತಕಗಳಲ್ಲಿ ಅವರಿಗೆ ಹೆಸರಿಲ್ಲ. ಬಂಗಲೆಯ ಕೆಳಗಿನ ಮಡುವಿನಲ್ಲಿ ಕೂಲಿಯವರು ಬಲೆ ಬೀಸುವಂತಿರಲಿಲ್ಲ. ಮಳೆಗಾಲದಲ್ಲಿ ಗದ್ದೆಯ ಕಾಲುವೆಗೆ ಕೂಣಿ ಇಟ್ಟು ಹತ್ತುಮೀನು ಹಿಡಿದುಕೊಳ್ಳಬಹುದಿತ್ತು, ಅಷ್ಟೆ.

ಮರದ ರಾಟೆ ಅಪ್ಪಯ್ಯನ ಕೈಗೆ ಬಂದದ್ದು ಪ್ರೀತಿಯ ಕಾಣಿಕೆಯಾಗಿ ಅಲ್ಲ. ಇಂಗ್ಲೆಂಡಿನ ಹವೆಗೆ ಮಾಡಿದ ಮರ ನಮ್ಮ ಮಲೆನಾಡಿನ ಮಳೆಗೆ ಉಬ್ಬಿಕೊಂಡಿತು. ಆಷಾಢದಲ್ಲಿ ಅಕ್ಕಿಯೂ ಬೂಸಲು ಹಿಡಿಯುವ ಸೀಮೆ ಇದು. ಉರುಳೆ ಹಿಂಬದಿಯ ಹಲಗೆಗೆ ಕಚ್ಚಿ ನಿಂತುಬಿಟ್ಟಿತು. ಮರದ ರಾಟೆಗಳ ದೊಡ್ಡ ದೋಷ ಇದೇ. ಉಷ್ಣದೇಶಗಳಿಗೆ ಹೋಗುವವರು ಲೋಹದ್ದನ್ನೇ ಕೊಳ್ಳುತ್ತಿದ್ದುದಕ್ಕೆ ಕಾರಣವೂ ಇದೇ. ದೊರೆ ಲೋಹದ ರಾಟೆ ತರಿಸಿಕೊಂಡು, ಇದನ್ನು ಒಲೆಗೆ ಹಾಕು ಎಂದು ಕೊಟ್ಟನಂತೆ. ಅಪ್ಪಯ್ಯ ಒಲೆಗೆ ಹಾಕಲಿಲ್ಲ, ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು. ಹೊಗೆಯಲ್ಲಿ ಎರಡು ತಿಂಗಳು ಒಣಗಿದ ಮೇಲೆ ಅದು ಮೊಳೆಯಿಂದ ಸಡಿಲವಾಗಿ ಕೈಗೆ ಬಂತು. ಗಾಜಿನ ಚೂರಿನಲ್ಲಿ ಅಂಚನ್ನು ಕೂದಲೆಳೆಯಷ್ಟು ಹೆರೆದು, ಮೊಳೆಗೆ ಹರಳೆಣ್ಣೆ ಹಚ್ಚಿ ಕೂರಿಸಿ ಊದಿ ನೋಡಿದರು. ತಿರುಗಿತು. 1956ರಲ್ಲಿ ದೊರೆ ತೋಟ ಮಾರಿ ಊರಿಗೆ ಹೋಗುವವರೆಗೂ ಅವರು ಅದನ್ನು ಬಂಗಲೆಯವರ ಕಣ್ಣಿಗೆ ಬೀಳುವಂತೆ ಹೊರಗೆ ತೆಗೆಯಲಿಲ್ಲ.

ನಾನು ಕಂಡ ಕಾಲಕ್ಕೆ ಅದಕ್ಕೆ ರೇಷ್ಮೆಯ ದಾರ ಹೋಗಿ ತಂಗೂಸಿ ಬಂದಿತ್ತು. ಕೋಲು ವಾಟೆ ಬಿದಿರಿನದು. ತೇಲುಗಡ್ಡಿಗೆ ಮುಳ್ಳುಹಂದಿಯ ಮುಳ್ಳು. ಇಂಗ್ಲೆಂಡಿನ ಗಾಳಗಾರರೂ ಇದೇ ಮುಳ್ಳನ್ನೂ ನವಿಲುಗರಿಯ ಕಡ್ಡಿಯನ್ನೂ ದೇಶಾಂತರದಿಂದ ತರಿಸಿ ಬಳಸುತ್ತಿದ್ದರೆಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ ನನಗೆ ನಗು ಬಂತು. ನಮ್ಮ ಹಿತ್ತಿಲಿನಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಎರೆಗೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಜನವರಿಯ ಕೊಯ್ಲು ಮುಗಿದು, ಹೊಳೆ ತಿಳಿಯಾಗಿ, ಮರವೂ ಚೆನ್ನಾಗಿ ಒಣಗಿದ ಮೇಲೆಯೇ ರಾಟೆ ಅಟ್ಟದಿಂದ ಇಳಿಯುತ್ತಿತ್ತು. ಮುಂಗಾರು ಹಿಡಿಯುವ ಹೊತ್ತಿಗೆ ಮತ್ತೆ ಮೇಲೆ.

ಮಾಗುಂಡಿಯಿಂದ ಮೇಲೆ ಭದ್ರೆಯಲ್ಲಿ ಒಂದು ಮಡುವಿದೆ. ಅದರ ತಲೆಯ ಬಂಡೆಯ ಮೇಲೆ ಕುಳಿತು ಅಪ್ಪಯ್ಯ ಮುಳ್ಳನ್ನು ನೀರಿಗೆ ಬಿಡುತ್ತಿದ್ದರು. ಹೊಳೆ ಅದನ್ನು ಒಯ್ಯುತ್ತಿತ್ತು, ರಾಟೆ ಸದ್ದಿಲ್ಲದೆ ತಿರುಗುತ್ತಿತ್ತು, ಅವರ ಹೆಬ್ಬೆರಳು ಉರುಳೆಯ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ಇರುತ್ತಿತ್ತು. ಹತ್ತು ವರ್ಷದವನಾಗಿದ್ದಾಗ ಒಮ್ಮೆ ನನ್ನ ಹೆಬ್ಬೆರಳನ್ನು ಅಲ್ಲಿ ಇಡಿಸಿದರು. ಅಚ್ಚರಿಯಾಯಿತು. ಮುಳ್ಳು ಸುಳಿಗೆ ಸಿಕ್ಕಿದ್ದು, ಬಂಡೆಯ ನೆರಳಿನಲ್ಲಿ ಹರಿವು ನಿಧಾನವಾದದ್ದು, ರಾಗಿ ಉಂಡೆ ತಳದ ಕಲ್ಲಿಗೆ ತಾಗಿದ್ದು, ಎಲ್ಲವೂ ಬೆರಳಿಗೆ ತಿಳಿಯುತ್ತದೆ. ಕಣ್ಣಿಗೆ ಕಾಣದ ಹೊಳೆಯ ತಳ ಬೆರಳಿನಲ್ಲಿ ಕಾಣುತ್ತದೆ ಎಂದರೆ ನೀವು ನಂಬಲಾರಿರಿ. ನಡುವೆ ಹಲ್ಲುಚಕ್ರಗಳಿಲ್ಲದ್ದರಿಂದ ಆಗುವುದು ಅದು. ಮೀನು ಕಚ್ಚಿದರೆ ತಡೆ ಹಾಕುವುದೂ ಬಿಡುವುದೂ ಅದೇ ಬೆರಳು. ಹೆಚ್ಚು ಒತ್ತಿದರೆ ದಾರ ಹರಿಯುತ್ತದೆ, ಒತ್ತದಿದ್ದರೆ ರಾಟೆ ತನ್ನ ವೇಗಕ್ಕೇ ತಿರುಗಿ ದಾರ ಸಿಕ್ಕುಸಿಕ್ಕಾಗುತ್ತದೆ. ಅಪ್ಪಯ್ಯ ಬಿಟ್ಟುಕೊಂಡ ಮೀನುಗಳೇ ಹೆಚ್ಚು. ಆ ಮಡುವಿನಲ್ಲಿ ದೊಡ್ಡದೊಂದಿದೆ ಎಂದು ನಾಲ್ಕು ಬೇಸಿಗೆ ಹೇಳಿದರು. ಎರಡು ಸಲ ಅದು ಕಚ್ಚಿ, ಎರಡು ಸಲವೂ ಕೆಳಗಿನ ಕಲ್ಲುಗಳ ಸಂದಿಗೆ ಓಡಿ ದಾರ ಕಡಿದುಕೊಂಡು ಹೋಯಿತು. ಬರಿಗೈಯಲ್ಲಿ ಬಂದ ದಿನ ಅವ್ವನ ಎದುರು ಅವರು ಹೇಳುತ್ತಿದ್ದುದು, ‘ಇವತ್ತು ಅದು ಗೆದ್ದಿತು ಕಣೇ’ ಎಂದು.

ಇನ್ನು ಬರೆಯಬೇಕಾದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನ್ನ ಜೊತೆಗಿದ್ದ ಮೂವರಲ್ಲಿ ಇಬ್ಬರು ಬಂಧುಗಳು ಇದನ್ನು ಓದುತ್ತಾರೆ. ಅವರ ಹೆಸರು ಬರೆಯುವುದಿಲ್ಲ, ಅವರಿಗೂ ಮರೆತಿರಲಾರದು.

1976ರ ಏಪ್ರಿಲ್. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಮುಗಿದಿತ್ತು. ರಸ್ತೆಗೆ ಬಂಡೆ ಒಡೆಯುವ ಕೆಲಸ ಹತ್ತಿರದಲ್ಲೇ ನಡೆದಿತ್ತು, ಅಲ್ಲಿಯ ಆಳೊಬ್ಬ ಬೀಡಿಯ ಕಾಸಿಗೆ ಎರಡು ತೋಟೆ ಕೊಟ್ಟ. ಆಗ ಆ ಸೀಮೆಯಲ್ಲಿ ಮದುವೆ, ತಿಥಿ, ಹಬ್ಬ ಎಂದರೆ ತೋಟೆ ಹೊಡೆದು ಮೀನು ತರುವುದು ಗಂಡಸುತನದ ಕೆಲಸ. ಯಾವ ಮಡುವೆಂದು ಕೇಳಿದಾಗ ಬಾಯಿಬಿಟ್ಟವನು ನಾನು. ದೊಡ್ಡದು ಎಲ್ಲಿದೆಯೆಂದು ಗೊತ್ತಿದ್ದವನೂ ನಾನೊಬ್ಬನೇ.

ಸದ್ದು ಅಷ್ಟೇನೂ ದೊಡ್ಡದಲ್ಲ. ನೀರು ಒಮ್ಮೆ ಉಬ್ಬಿ ಕುಸಿಯುತ್ತದೆ. ಆಮೇಲೆ ಬೆಳ್ಳಗೆ ಹೊಟ್ಟೆ ಮೇಲಾಗಿ ಒಂದೊಂದೇ ಏಳುತ್ತವೆ. ಬೆರಳುದ್ದದವು ಲೆಕ್ಕವಿಲ್ಲದಷ್ಟು, ಅವನ್ನು ಯಾರೂ ಮುಟ್ಟಲಿಲ್ಲ. ತೋಟೆಗೆ ಸತ್ತ ಮೀನುಗಳಲ್ಲಿ ಹೆಚ್ಚಿನವು ತೇಲುವುದೇ ಇಲ್ಲ, ತಳಕ್ಕೆ ಹೋಗುತ್ತವೆ ಎಂಬುದು ಆಗ ಗೊತ್ತಿರಲಿಲ್ಲ. ಕೊನೆಗೆ ದೊಡ್ಡದು ಬಂತು. ಕಣದಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿಗೆ ಹಾಕಿದರೆ ಹದಿನಾಲ್ಕು ಕಿಲೋ. ಅಪ್ಪಯ್ಯ ಹೇಳುತ್ತಿದ್ದ ಮೀನು ಅದೇಯೋ ಬೇರೆಯೋ ನನಗೆ ತಿಳಿಯದು.

ಸಂಜೆ ಅಪ್ಪಯ್ಯ ಕಣದಿಂದ ಬಂದಾಗ ಅದು ಅಂಗಳದಲ್ಲಿ ಬಾಳೆಯೆಲೆಯ ಮೇಲಿತ್ತು. ಬಗ್ಗಿ ಅದರ ಕಿವಿರು ಎತ್ತಿ ನೋಡಿದರು. ಒಳಗೆ ರಕ್ತ ಒಡೆದಿತ್ತು. ‘ಹಿಡಿಯಲಿಲ್ಲ ನೀವು, ಹೆಕ್ಕಿದಿರಿ’ ಎಂದರು. ಉದುರು ಕಾಫಿ ಹೆಕ್ಕುವ ಹೆಂಗಸರಿಗೆ ದಿನಗೂಲಿ ಬರೆಯುವವರ ಬಾಯಲ್ಲಿ ಆ ಮಾತು ಬಂದದ್ದರಿಂದ ನನಗೆ ಅದರ ತೂಕ ಅರ್ಥವಾಯಿತು. ಕೋಲಿನಿಂದ ರಾಟೆ ಬಿಚ್ಚಿ, ಹರಳೆಣ್ಣೆ ಒರೆಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಅವರು ಉಣ್ಣಲಿಲ್ಲ. ಅವ್ವ ಸಾರು ಮಾಡಿದಳು, ನಾವು ನಾಲ್ವರೂ ಉಂಡೆವು. ರುಚಿಯಾಗಿತ್ತು ಎಂಬುದನ್ನೂ ಮುಚ್ಚಿಡಲಾರೆ.

ಅಪ್ಪಯ್ಯ ಮತ್ತೆ ಗಾಳ ಹಾಕಲಿಲ್ಲ. ನನಗೆ ಬೈಯಲೂ ಇಲ್ಲ, ಬಿ.ಎಡ್.ಗೆ ಮೈಸೂರಿಗೆ ಕಳಿಸುವಾಗ ಸಾಲ ಮಾಡಿಯೇ ಕಳಿಸಿದರು. 1994ರಲ್ಲಿ ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದರೆ ರಾಟೆ ಹಾಗೆಯೇ ಇತ್ತು, ತಂಗೂಸಿ ಮಾತ್ರ ಪುಡಿಯಾಗಿತ್ತು. 1897ರ ಕಾಯ್ದೆಯನ್ನು ನಾನು ಓದಿದ್ದು ಆಮೇಲೆ. ನಮ್ಮ ಅಪರಾಧಕ್ಕೆ ಎಂಬತ್ತು ವರ್ಷ ಮೊದಲೇ ಅದು ಬರೆದಿಟ್ಟಿತ್ತು.

ಭದ್ರೆಯ ಮೀನು ಹೋದದ್ದು ನಮ್ಮ ಎರಡು ತೋಟೆಯಿಂದ ಎಂದು ಹೇಳಿಕೊಂಡರೆ ಅದೂ ಒಂದು ಬಗೆಯ ಅಹಂಕಾರವೇ. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟು ಮುಗಿದು ಮೀನಿನ ಹಾದಿ ತುಂಡಾಗಿತ್ತು. ಕುದುರೆಮುಖದ ಗಣಿಯ ಹೂಳಿನ ವಾದ ಸುಪ್ರೀಂ ಕೋರ್ಟಿಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಘಟ್ಟದ ಕೆಳಗೆ ಶಿಶಿಲದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಅಲ್ಲಿ ಸತ್ತ ಮೀನುಗಳ ಸ್ಮಾರಕವೇ ಇದೆ. ಕಾವೇರಿಯದು ಇನ್ನೂ ವಿಚಿತ್ರ. ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ 1970ರ ದಶಕದಿಂದೀಚೆಗೆ ಲೋನಾವಳದ ಮರಿಕೇಂದ್ರದ ಮಹಶೀರ್ ಮರಿಗಳನ್ನು ಅಲ್ಲಿಗೆ ಬಿಟ್ಟರು. ಅವು ಕೃಷ್ಣೆಯ ಸಂಸಾರದ, ಅಂದರೆ ನಮ್ಮ ಭದ್ರೆಯ ಬಳಗದ ಜಾತಿ. ಅವು ಹಬ್ಬಿದಂತೆ ಗೂನುಬೆನ್ನಿನ ಮೂಲನಿವಾಸಿ ಮೂಲೆಗೆ ಸರಿಯಿತು. ಆ ದೈತ್ಯಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಷ್ಕರ್ಷೆಯಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಮೂಡಿಗೆರೆಯಲ್ಲಿ ಗಾಳವೆಂದರೆ ಎಲ್ಲರಿಗೂ ನೆನಪಾಗುವವರು ಪೂರ್ಣಚಂದ್ರ ತೇಜಸ್ವಿ. 2007ರಲ್ಲಿ ತೀರಿಕೊಳ್ಳುವವರೆಗೂ ಆ ವ್ಯಸನವನ್ನು ಅವರು ಬಿಟ್ಟವರಲ್ಲ. ಗಾಳ ಹಾಕುವುದು ಸೋಮಾರಿಯ ಕೆಲಸವೆಂದುಕೊಂಡಿದ್ದ ನಮ್ಮ ಕಡೆಯ ಎಷ್ಟೋ ಹುಡುಗರು ಅವರ ದೆಸೆಯಿಂದ ಹೊಳೆಯನ್ನು ಸುಮ್ಮನೆ ನೋಡುತ್ತ ಕುಳಿತುಕೊಳ್ಳಲು ಕಲಿತರು.

ಇಂಗ್ಲೆಂಡಿನಲ್ಲಿ ಹಳೆಯ ರಾಟೆಗಳಿಗೆ ಮತ್ತೆ ಬೆಲೆ ಬಂದದ್ದಕ್ಕೆ 1993ರಲ್ಲಿ ಬಿಬಿಸಿಯಲ್ಲಿ ಬಂದ ಒಂದು ಗಾಳದ ಸರಣಿಯೂ ಕಾರಣವಂತೆ. ಇದನ್ನು ಹೇಳಿದ್ದು ನನ್ನ ವ್ಯಾಪಾರಿ ವಿದ್ಯಾರ್ಥಿಯೇ. ಹಿತ್ತಾಳೆಯ ಹೊಳಪು, ಮರದ ಬಣ್ಣ, ತಯಾರಕರ ಮುದ್ರೆ ಇವುಗಳಿಗಾಗಿ ಕೊಳ್ಳುವವರೇ ಬಹಳ. ತಪ್ಪೇನೂ ಇಲ್ಲ. ನಮ್ಮ ರಾಟೆಗೆ ಮುದ್ರೆಯಿಲ್ಲ, ಅಂಚು ಗಾಜಿನಲ್ಲಿ ಹೆರೆದದ್ದು, ಹೊಗೆಗೆ ಕಪ್ಪಾಗಿದೆ. ಅವರ ಪಟ್ಟಿಯಲ್ಲಿ ಇವೆಲ್ಲ ದೋಷಗಳಾಗಿಯೇ ಎಣಿಕೆಯಾಗುತ್ತವೆ.

ಅಂದು ಹೊರಡುವ ಮೊದಲು ಅವನ ಮಗ, ಹತ್ತು ವರ್ಷದ ಹುಡುಗ, ಅದನ್ನು ಮುಟ್ಟಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಬೀರು ತೆಗೆದು ಕೈಗೆ ಕೊಟ್ಟೆ. ಹಿಡಿಯನ್ನು ನೂಕಿದ, ಅರ್ಧ ಸುತ್ತು ತಿರುಗಿ ಹಲಗೆಗೆ ತಾಗಿ ನಿಂತಿತು. ಮುರಿದಿದೆಯೇ ಎಂದು ಗಾಬರಿಯಿಂದ ನನ್ನ ಮುಖ ನೋಡಿದ. ‘ಇಲ್ಲ ಮಗು, ಮಳೆಗಾಲ ಈಗಷ್ಟೇ ಮುಗಿದಿದೆ, ಮರ ಇನ್ನೂ ನೀರು ಬಿಟ್ಟಿಲ್ಲ’ ಎಂದೆ. ಅವರ ಈಸ್ಟರ್ ರಜೆ ಏಪ್ರಿಲಿನಲ್ಲಿ ಬರುತ್ತದಂತೆ. ಆಗ ಬಂದರೆ ಊದಿದರೂ ತಿರುಗುತ್ತದೆ ಎಂದು ಹೇಳಿ ಕಳಿಸಿದ್ದೇನೆ. ನಮ್ಮ ಮನೆಯಲ್ಲೀಗ ಅಟ್ಟವಿಲ್ಲ, ಗ್ಯಾಸ್ ಒಲೆ. ಪಕ್ಕದ ಮನೆಯವರ ಬಚ್ಚಲ ಒಲೆಯ ಮೇಲೆ ಒಂದು ಗೂಡಿದೆ; ಮುಂದಿನ ವಾರದಿಂದ ಅಲ್ಲಿ ಇಡಲು ಕೇಳಿಕೊಂಡಿದ್ದೇನೆ.